ರಾಗಿ ರಾಶಿಯೊಳಗೆ ಬಿದ್ದ ಗಂಟೆ

ಕೇಳಿ ಮಕ್ಕಳೇ, ಕಿವಿ ನೆಟ್ಟಗೆ ಮಾಡಿ! ಹಳೇ ಕಾಲದ ದೊಡ್ಡ ಪಟ್ಟಣ. ಸುತ್ತ ಕಲ್ಲಿನ ಕೋಟೆ. ಒಳಗೆ ನಾಲ್ಕು ಚೌಕ. ಕಾಳಿಗೊಂದು, ಬಳೆಗೊಂದು, ಹೂವಿಗೊಂದು, ಎಣ್ಣೆಗೊಂದು.

ಬೆಳಗಾಯಿತು. ಕೆಂಚಿ ಎಂಬ ಆಡುಮರಿ ಕಾಳಿನ ಚೌಕದಲ್ಲಿ ಚಂಗನೆ ನೆಗೆದಳು. ಕೊರಳ ನೂಲಿನಿಂದ ಗಂಟೆ ಕಳಚಿತು. ಡುಬುಕ್! ಶೆಟ್ಟರ ರಾಗಿ ರಾಶಿಯೊಳಗೆ ಬಿತ್ತು.

ಅಯ್ಯೋ! ಆಡುಗಳೆಲ್ಲ ಈಗ ಗುಡ್ಡಕ್ಕೆ ಹೊರಡುತ್ತವೆ. ಕೋಟೆ ಬಾಗಿಲಲ್ಲಿ ಅಮ್ಮ ನಿಂತಿದ್ದಾಳೆ. ಗಂಟೆ ಕೇಳಿಸದಿದ್ದರೆ ಮರಿ ಎಲ್ಲಿದೆ ಅಂತ ಅಮ್ಮನಿಗೆ ಹೇಗೆ ಗೊತ್ತಾಗಬೇಕು?

“ಶೆಟ್ಟರೇ, ಶೆಟ್ಟರೇ, ರಾಶಿ ಕೆದಕಿ! ನನ್ನ ಗಂಟೆ ಕೊಡಿ!”

“ದಿನದ ಮೊದಲ ವ್ಯಾಪಾರ ಆಗಿಲ್ಲ. ಬೋಣಿ ಆಗದೆ ರಾಶಿ ಮುಟ್ಟುವುದೇ? ಆಗದು! ಮೊದಲ ಸೇರು ಬಳೆಗಾರನಿಗೆ. ಅವನು ಕೊಳ್ಳಲಿ.”

ಓಡಿದಳು ಕೆಂಚಿ, ಟಕ ಟಕ ಟಕ, ಬಳೆಯ ಚೌಕಕ್ಕೆ.

“ಬಳೆಗಾರಣ್ಣ, ರಾಗಿ ಕೊಳ್ಳು! ನೀನು ರಾಗಿ ಕೊಂಡರೆ ಶೆಟ್ಟರು ರಾಶಿ ಕೆದಕುತ್ತಾರೆ. ರಾಶಿ ಕೆದಕಿದರೆ ಗಂಟೆ ಸಿಗುತ್ತದೆ. ಅಮ್ಮ ಕಾಯುತ್ತಿದ್ದಾಳೆ!”

“ಬೋಣಿ ಆಗದೆ ನಾನು ಏಳುವುದೇ? ಆಗದು! ಮೊದಲ ಬಳೆ ಹೂವಕ್ಕನಿಗೆ. ದಿನಾ ಒಂದು ಒಡೆದುಕೊಳ್ಳುತ್ತಾಳೆ, ಬರುತ್ತಾಳೆ ಬಿಡು.”

ಓಡಿದಳು ಕೆಂಚಿ, ಟಕ ಟಕ ಟಕ, ಹೂವಿನ ಚೌಕಕ್ಕೆ.

“ಹೂವಕ್ಕ, ಬಳೆ ಕೊಳ್ಳು! ನೀನು ಬಳೆ ಕೊಂಡರೆ ಬಳೆಗಾರಣ್ಣ ರಾಗಿ ಕೊಳ್ಳುತ್ತಾನೆ. ಅವನು ರಾಗಿ ಕೊಂಡರೆ ಶೆಟ್ಟರು ರಾಶಿ ಕೆದಕುತ್ತಾರೆ. ರಾಶಿ ಕೆದಕಿದರೆ ಗಂಟೆ ಸಿಗುತ್ತದೆ. ಅಮ್ಮ ಕಾಯುತ್ತಿದ್ದಾಳೆ!”

“ಬಳೆ ಬೇಡ ಅಂದೆನಾ ನಾನು? ಬೋಣಿ ಆಗದೆ ಬುಟ್ಟಿ ಬಿಟ್ಟು ಏಳುವುದೇ? ಆಗದು! ಮೊದಲ ಮೊಳ ಹೂವು ಗಾಣಿಗ ತಾತನಿಗೆ.”

ಓಡಿದಳು ಕೆಂಚಿ, ಟಕ ಟಕ ಟಕ, ಎಣ್ಣೆಯ ಚೌಕಕ್ಕೆ.

“ತಾತ, ಹೂವು ಕೊಳ್ಳು! ನೀನು ಹೂವು ಕೊಂಡರೆ ಹೂವಕ್ಕ ಬಳೆ ಕೊಳ್ಳುತ್ತಾಳೆ. ಅವಳು ಬಳೆ ಕೊಂಡರೆ ಬಳೆಗಾರಣ್ಣ ರಾಗಿ ಕೊಳ್ಳುತ್ತಾನೆ. ಅವನು ರಾಗಿ ಕೊಂಡರೆ ಶೆಟ್ಟರು ರಾಶಿ ಕೆದಕುತ್ತಾರೆ. ರಾಶಿ ಕೆದಕಿದರೆ ಗಂಟೆ ಸಿಗುತ್ತದೆ. ಅಮ್ಮ ಕಾಯುತ್ತಿದ್ದಾಳೆ!”

“ಬೋಣಿ ಆಗದೆ ಹೂವೇ? ಆಗದು! ಮೊದಲ ಸೌಟು ಎಣ್ಣೆ ರಾಗಿ ಶೆಟ್ಟರಿಗೆ. ದಿನಾ ಬರುವ ದಾರಿಯಲ್ಲೇ ಕೊಳ್ಳುತ್ತಿದ್ದರು. ಇವತ್ತು ಮರೆತು ಹೋಗಿ ಕೂತಿದ್ದಾರೆ!”

ಕೆಂಚಿ ಬಾಯಿ ಬಿಟ್ಟಳು. ಶೆಟ್ಟರು ಬಳೆಗಾರನ ದಾರಿ ಕಾಯುತ್ತಿದ್ದಾರೆ. ಬಳೆಗಾರ ಹೂವಕ್ಕನ ದಾರಿ. ಹೂವಕ್ಕ ತಾತನ ದಾರಿ. ತಾತ ಶೆಟ್ಟರ ದಾರಿ! ಕೂತವರು ಕೂತೇ ಇದ್ದಾರೆ!

ಢಂ! ಕೋಟೆ ಬಾಗಿಲಲ್ಲಿ ನಗಾರಿ. ಆಡುಗಳು ಹೊರಟವು!

“ತಾತ, ನಿನ್ನ ಬೋಣಿ ನಾನು ಮಾಡುತ್ತೇನೆ!”

“ನೀನಾ? ಇನ್ನೂ ಗಡ್ಡ ಬಂದಿಲ್ಲ! ಏನು ಕೊಡುತ್ತೀಯೆ?”

ಕೆಂಚಿ ಕೊರಳು ಚಾಚಿದಳು. “ಈ ಹತ್ತಿ ನೂಲು ತಗೋ, ದೀಪಕ್ಕೆ ಬತ್ತಿ ಮಾಡು. ನನ್ನ ಗೊರಸಿಗೆ ಒಂದು ತೊಟ್ಟು ಎಣ್ಣೆ ಹಾಕು.”

ತಾತ ನಕ್ಕ. ನೂಲು ತಗೊಂಡ. ಒಂದು ತೊಟ್ಟು ಎಣ್ಣೆ ಹಾಕಿದ. ಬೋಣಿ ಆಯಿತು!

ತಾತ ಎದ್ದ, ಹೂವು ಕೊಂಡ. ಹೂವಕ್ಕ ಎದ್ದಳು, ಬಳೆ ಕೊಂಡಳು. ಬಳೆಗಾರ ಎದ್ದ, ರಾಗಿ ಕೊಂಡ. ಶೆಟ್ಟರು ರಾಶಿ ಕೆದಕಿದರು, ಕೆದಕಿದರು, ಕೆದಕಿದರು...

ಸಿಕ್ಕಿತು!

“ಅಯ್ಯೋ, ನನ್ನ ಎಣ್ಣೆ!” ಅಂತ ಶೆಟ್ಟರು ಓಡಿದರು.

ಕಟ್ಟಲು ನೂಲೆಲ್ಲಿ? ಹೂವಕ್ಕ ಬಾಳೆನಾರು ತಂದು ಗಂಟೆ ಬಿಗಿದಳು. ಕೆಂಚಿ ನೆಗೆದಳು. ಘಣ ಘಣ ಘಣ!

“ಮ್ಯಾ!”

ಬಾಗಿಲ ಕಡೆಯಿಂದ ದನಿ. ಆಡುಗಳೆಲ್ಲ ಹೋಗಿದ್ದವು. ಅಮ್ಮ ಹೋಗಿರಲಿಲ್ಲ.

ಕೆಂಚಿ ಗುಡ್ಡ ಹತ್ತಿದಳು, ನಮ್ಮ ಕಥೆ ಇಳಿದು ಬಂತು. ಘಣ್!