ಹಳೇ ಸೈಲೆನ್ಸರಿನ ಕೆಮ್ಮು

“ಗುರುಗಳೇ, ನನ್ನ ಪ್ರವಚನ ಕೇಳಲು ಸುತ್ತಲ ಊರುಗಳಿಂದ ಜನ ಬರುತ್ತಾರೆ. ನನ್ನನ್ನು ನೋಡಲೆಂದೇ ಬಂದಿರುವ ಅವ್ವ ಮಾತ್ರ ಅರ್ಧಕ್ಕೇ ಎದ್ದು ಹಿತ್ತಲಿಗೆ ಹೋಗಿ ಅವರೆಕಾಯಿ ಸುಲಿಯುತ್ತಾ ಕೂರುತ್ತಾಳೆ. ಅವಳಿಗೆ ನನ್ನ ಮೇಲೆ ಏನು ಕೋಪ?” ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಮಠ ಸೇರಿದ ಮೇಲೆ ಹೊಸ ದನಿಯೊಂದನ್ನು ಕಲಿತಿದ್ದ. ಅದು ಹೊಟ್ಟೆಯ ತಳದಿಂದ ಹೊರಟು, ಕಂಬಗಳಿಗೆ ಬಡಿದು, ವಾಪಸು ಅವನ ಕಿವಿಗೇ ಬಂದು ಬೀಳುತ್ತಿತ್ತು. ಊಟದ ಪಂಕ್ತಿಯಲ್ಲಿ ಉಪ್ಪು ಕೇಳುವಾಗಲೂ ಅದೇ ದನಿ. ಬಡಿಸುವವರು ಉಪ್ಪು ಹಾಕುವುದು ಬಿಟ್ಟು ಕೈ ಮುಗಿಯುತ್ತಿದ್ದರು.

ಗುರು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಹಾಲಿನವನಿದ್ದ. ಅವನಿಗೊಬ್ಬ ಹೆಂಡತಿ, ಒಂದು ಎಮ್ಮೆ, ಒಂದು ಬೈಕು. ಎಮ್ಮೆಯ ಹೆಸರು ಚೆಲುವಿ. ಉಳಿದವರ ಹೆಸರು ಈ ಕತೆಗೆ ಬೇಕಾಗಿಲ್ಲ.

ಚೆಲುವಿಯ ಕರು ಹುಟ್ಟಿದ ವಾರದಲ್ಲೇ ಸತ್ತಿತ್ತು. ಆಮೇಲೆ ಯಾರು ಮುಟ್ಟಿದರೂ ಅದು ಹಾಲು ಇಳಿಸಲಿಲ್ಲ. ಹಾಲಿನವ ದಿನಾ ಸಂಜೆ ಪೇಟೆಯಿಂದ ಅದಕ್ಕೆ ಹಿಂಡಿ ತರುತ್ತಿದ್ದ. ಬಂದವನೇ ಕೊಂಬಿನ ಬುಡ ತುರಿಸುತ್ತಿದ್ದ. ಅವನ ಬೈಕಿನ ಸೈಲೆನ್ಸರು ತುಕ್ಕು ಹಿಡಿದು ಒಂದು ಕಡೆ ತೂತಾಗಿತ್ತು. ಬುಡುಬುಡು ಎಂದು ಬಂದು, ನಡುವೆ ಒಮ್ಮೆ ಕೆಮ್ಮಿ, ಮತ್ತೆ ಬುಡುಬುಡು ಎನ್ನುತ್ತಿತ್ತು. ಬರಬರುತ್ತಾ, ಆ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ಚೆಲುವಿ ಕಿವಿ ನಿಮಿರಿಸುವುದಕ್ಕೆ ಶುರುಮಾಡಿತು. ಅವನು ಬೈಕು ನಿಲ್ಲಿಸುವಷ್ಟರಲ್ಲಿ ಮೊಲೆಗಳಿಂದ ಹಾಲು ತೊಟ್ಟಿಕ್ಕುತ್ತಿತ್ತು. ಸತ್ತ ಕರುವಿನ ಜಾಗದಲ್ಲಿ ಅದು ಬೈಕನ್ನು ಇಟ್ಟುಕೊಂಡಿತ್ತು.

ಡೈರಿಯ ಹತ್ತಿರ ಉಳಿದ ಹಾಲಿನವರು ಗೇಲಿ ಮಾಡುತ್ತಿದ್ದರು. ನಿನ್ನ ಗಾಡಿಗೆ ಪೆಟ್ರೋಲ್ ಯಾಕಯ್ಯಾ, ಕೆಮ್ಮಿನ ಔಷಧಿ ಹಾಕು ಎನ್ನುತ್ತಿದ್ದರು. ಅವರ ಬೈಕುಗಳಿಗೆಲ್ಲ ಹೊಸ ಪೈಪು ಬಂದಿತ್ತು. ಒಂದೊಂದೂ ಹುಲಿಯ ಹಾಗೆ ಗುರುಗುಟ್ಟುತ್ತಿತ್ತು. ಹಾಲಿನವನಿಗೂ ಆಸೆಯಾಯಿತು. ಒಂದು ಭಾನುವಾರ ಅಂಗಳದಲ್ಲೇ ಬೈಕು ನಿಲ್ಲಿಸಿ, ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟು, ಕಲ್ಲಿನಿಂದ ಕುಟ್ಟಿ, ಹಳೆಯದನ್ನು ಕಿತ್ತ. ಪೇಟೆಯಿಂದ ತಂದ ಹೊಳೆಯುವ ಪೈಪನ್ನು ತಾನೇ ಕೂರಿಸಿದ. ಕೈಯ ಚರ್ಮ ಎರಡು ಕಡೆ ಕಿತ್ತುಹೋಯಿತು. ಹೆಂಡತಿ ಹಳೇ ಸೈಲೆನ್ಸರನ್ನು ಗುಜರಿಯವನಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಬಕೆಟ್ಟು ತೆಗೆದುಕೊಂಡಳು. ಗುಜರಿಯವನು ಸೈಕಲ್ ತುಳಿದು ಎತ್ತಲೋ ಹೋದ.

ಮರುದಿನ ಸಂಜೆ ಹಾಲಿನವ ಬಂದದ್ದು ಊರಿಗೆಲ್ಲ ಗೊತ್ತಾಯಿತು. ಕೋಳಿಗಳು ಅಟ್ಟ ಹತ್ತಿದವು. ಎದುರು ಮನೆಯ ಮಗು ಬೆಚ್ಚಿ ಅತ್ತಿತು. ಚೆಲುವಿ ಹಗ್ಗ ಜಗ್ಗಿ, ಕೆಚ್ಚಲು ಬಿಗಿಹಿಡಿದು, ಗೋಡೆಗೆ ಅಂಟಿ ನಿಂತಿತು. ಒಂದು ಹನಿ ಹಾಲು ಬರಲಿಲ್ಲ.

ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಎಮ್ಮೆ ಸೀನಿತು, ಹಾಲು ಇಳಿಸಲಿಲ್ಲ. ಹಿಂಡಿ ಜಾಸ್ತಿ ಇಟ್ಟರು. ಮೂಸಿ ಸುಮ್ಮನಾಯಿತು. ದಿನಗಳು ಹೀಗೇ ಹೋದವು. ಹೀಗೇ ಬಿಟ್ಟರೆ ಕೆಚ್ಚಲು ಬತ್ತಿಹೋಗುತ್ತದೆ. ಬತ್ತಿದ ಎಮ್ಮೆಯನ್ನು ಕಟ್ಟಿಕೊಂಡಿರುವ ಶಕ್ತಿ ಆ ಮನೆಗಿರಲಿಲ್ಲ. ದನದ ದಲ್ಲಾಳಿಗೆ ಸುದ್ದಿ ಹೋಯಿತು. ನಾಳೆ ಸಂಜೆ ಬಂದು ಹೊಡೆದುಕೊಂಡು ಹೋಗುತ್ತೇನೆ ಎಂದು ಅವನು ಹೇಳಿ ಕಳಿಸಿದ. ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಕೊಟ್ಟಿಗೆಯ ಕಡೆ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಹೆಂಡತಿ ಸಗಣಿ ಬಾಚುತ್ತಿದ್ದಳು. ಬೀದಿಯಲ್ಲಿ ಯಾರದೋ ಹಳೇ ಬೈಕು ಕೆಮ್ಮುತ್ತಾ, ಬುಡುಬುಡು ಎನ್ನುತ್ತಾ ಹೋಯಿತು. ಚೆಲುವಿ ತಟ್ಟನೆ ಕತ್ತೆತ್ತಿತು. ಕಿವಿ ನಿಮಿರಿಸಿ ಬಾಗಿಲ ಕಡೆ ನೋಡಿತು. ಸದ್ದು ಅಡಗಿದ ಮೇಲೂ ನೋಡುತ್ತಲೇ ನಿಂತಿತ್ತು.

ಸಂಜೆ ಗಂಡ ಬಂದೊಡನೆ ಅವಳು ಅವನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದಳು.

“ಅದು ನಿಮ್ಮನ್ನ ಕಾಯ್ತಾ ಇದೆ ಕಣ್ರೀ.”

“ನಾನು ಅದರ ಮುಂದೇನೇ ನಿಂತಿದೀನಲ್ಲೇ?”

“ನಿಂತಿದೀರಿ. ಅದರ ಪಾಲಿಗೆ ನೀವಿನ್ನೂ ಬಂದಿಲ್ಲ.”

ಗುಜರಿಯವನನ್ನು ಹುಡುಕಲು ಹೊತ್ತಿರಲಿಲ್ಲ. ದಲ್ಲಾಳಿ ಆಗಲೇ ಹಗ್ಗ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಾಲಿನವ ಬೈಕನ್ನು ತಿರುವಿನವರೆಗೆ ತಳ್ಳಿಕೊಂಡು ಹೋದ. ಎಂಜಿನ್ ಹಾಕಲಿಲ್ಲ. ಅತ್ತ ಇತ್ತ ನೋಡಿ, ತುಟಿ ಒದ್ದೆ ಮಾಡಿಕೊಂಡು, ಬಾಯಲ್ಲೇ ಬುಡುಬುಡು ಎನ್ನುತ್ತಾ ಬೈಕು ತಳ್ಳಿಕೊಂಡು ಬಂದ. ಮೀಸೆ ಹೊತ್ತ ಗಂಡಸು. ಬೀದಿಯ ಮಕ್ಕಳೆಲ್ಲ ಹಿಂದೆ ಬಿದ್ದವು. ದಲ್ಲಾಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಚೆಲುವಿ ಕಿವಿ ಅಲ್ಲಾಡಿಸಿತು. ಮತ್ತೆ ಗೋಡೆಯ ಕಡೆಗೇ ತಿರುಗಿತು.

“ಕೆಮ್ಮು ಮರೆತಿರಿ,” ಎಂದಳು ಹೆಂಡತಿ.

ಹಾಲಿನವ ಮತ್ತೆ ತಿರುವಿಗೆ ಹೋದ. ಮತ್ತೆ ಬುಡುಬುಡು ಎಂದು ಬಂದ. ಮನೆ ಹತ್ತಿರವಾಗುತ್ತಲೇ ಒಮ್ಮೆ ಕೆಮ್ಮಿದ. ಚೆಲುವಿ ತಿರುಗಿ ನೋಡಿತು. ಕರುವನ್ನು ಕರೆಯುವ ಹಾಗೆ ಗಂಟಲೊಳಗೇ ಸಣ್ಣಗೆ ಕೂಗಿತು. ಹೆಂಡತಿ ಆ ಹೊಸ ಬಕೆಟ್ಟನ್ನೇ ಇಟ್ಟು ಕೂತಳು. ಬಕೆಟ್ಟಿನ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿ ದಲ್ಲಾಳಿಯ ನಗು ನಿಂತಿತು. ಅವನು ಹಗ್ಗ ಸುತ್ತಿಕೊಂಡು ಹೊರಟ.

ಇವತ್ತಿಗೂ ಹಾಲಿನವ ಊರೆಲ್ಲ ಗುಡುಗಿಸಿಕೊಂಡೇ ಬರುತ್ತಾನೆ. ತಿರುವಿನಲ್ಲಿ ಎಂಜಿನ್ ಆರಿಸಿ, ಕೆಮ್ಮುತ್ತಾ ಮನೆಗೆ ಬರುತ್ತಾನೆ.

ಶಿಷ್ಯ ಬಿದ್ದು ಬಿದ್ದು ನಕ್ಕ. ಆಮೇಲೆ ಗಂಟಲು ಸರಿಮಾಡಿಕೊಂಡು, ಕಂಬಗಳಿಗೆ ಬಡಿಯುವ ದನಿಯಲ್ಲಿ, ಇದರ ತಾತ್ಪರ್ಯವೇನು ಎಂದು ಕೇಳಿದ.

ಗುರು ಹೇಳಿದರು: “ನಿಮ್ಮವ್ವ ಹಿತ್ತಲಲ್ಲಿದ್ದಾಳೆ, ಹೋಗಿ, ಹಳೇ ಗಂಟಲಲ್ಲಿ ‘ಅವ್ವಾ, ಹಸಿವು’ ಅನ್ನು.”