ಖಾಯಂ ಗಿರಾಕಿಯ ಹತ್ತನೇ ತಟ್ಟೆ

ಎಮ್ಮೆಗೆ ಖಾರ ಆಗಿಬರುತ್ತಿರಲಿಲ್ಲ. ಪಡ್ಡು ಮಾರುವ ಗಿಳಿಗೋ ಮೆಣಸಿನಕಾಯಿಯೆಂದರೆ ಪ್ರಾಣ. ಆದರೂ ಹಿಟ್ಟಿಗೆ ಮೆಣಸಿನಕಾಯಿ ಬೀಳುವ ಮೊದಲೇ ಅದು ಎಮ್ಮೆಯ ಪಾಲಿನ ಒಂದು ತಟ್ಟೆ ಪಡ್ಡು ಹುಯ್ದು, ದಿನವೂ ಎತ್ತಿಡುತ್ತಿತ್ತು.

ಒಂದು ದಿನ ನರಿ ಬಂದು ಗಿಳಿಯ ಫೋನಿಗೆ 'ಖಾಯಂ ಗಿರಾಕಿ ಕಾರ್ಡು' ಹಾಕಿಕೊಟ್ಟಿತು. "ಒಂಬತ್ತು ತಟ್ಟೆ ತಿಂದವರಿಗೆ ಹತ್ತನೆಯದು ಪುಕ್ಕಟೆ. ಇನ್ನು ಗಿರಾಕಿಗಳನ್ನು ನೀನು ನೆನಪಿಡಬೇಕಾಗಿಲ್ಲ ತಾಯಿ, ಎಲ್ಲಾ ಇದೇ ನೋಡಿಕೊಳ್ಳುತ್ತೆ."

ಹೇಳಿಕೊಟ್ಟ ಪಾಠವನ್ನು ಗಿಳಿ ಬಿಟ್ಟೀತೇ? ಮರುದಿನದಿಂದ ಎಮ್ಮೆಯ ಮುಖ ನೋಡದೆ, "ನಂಬರ್ ಹೇಳಿ, ಓಟಿಪಿ ಹೇಳಿ" ಎನ್ನತೊಡಗಿತು. ತಟ್ಟೆಯ ತುಂಬ ಖಾರ. ಇಂದಲ್ಲ ನಾಳೆ ಗಿಳಿಗೇ ನೆನಪಾದೀತೆಂದು ಎಮ್ಮೆ ಕಣ್ಣುಮೂಗಲ್ಲಿ ನೀರಿಳಿಸುತ್ತ ಒಂಬತ್ತು ತಟ್ಟೆ ಮುಗಿಸಿತು.

"ಅಭಿನಂದನೆಗಳು! ಹತ್ತನೆಯದು ಪುಕ್ಕಟೆ!" ಎಂದು ಗಿಳಿ ಇನ್ನೊಂದು ಖಾರದ ತಟ್ಟೆಯನ್ನೇ ಮುಂದಿಟ್ಟಿತು.

"ಗಿಳಿಯಕ್ಕ, ನಾನು ಎಷ್ಟು ತಿಂದೆ ಅಂತ ನಿನ್ನ ಫೋನಿಗೆ ಗೊತ್ತು. ಹೇಗೆ ತಿಂದೆ ಅಂತ ನೀನು ಒಂದು ದಿನವಾದರೂ ತಲೆಯೆತ್ತಿ ನೋಡಿದ್ಯಾ?" ಎಂದು ಎಮ್ಮೆ ಎದ್ದು ಹೋಯಿತು.

ಎದುರಿನ ಕತ್ತೆಯ ಅಂಗಡಿಯಲ್ಲಿ ಸಪ್ಪೆ ಇಡ್ಲಿ ತಿನ್ನುತ್ತಿದ್ದಾಗ ಎಮ್ಮೆಯ ಫೋನು ಟಿಣ್ ಎಂದಿತು: "ಪ್ರಿಯ ಗ್ರಾಹಕರೇ, ನಿಮ್ಮದೇ ನೆನಪಾಗುತ್ತಿದೆ!"

ಎಮ್ಮೆ ನೊಣಕ್ಕೆ ಬೀಸಿದ ಹಾಗೆ ಬಾಲ ಬೀಸಿತು.

"ಕತ್ತೆಯಣ್ಣ, ಇನ್ನೆರಡು ಹಾಕು. ನಂಬರ್ ಮಾತ್ರ ಕೇಳಬೇಡ."