ಬೇಲಿಯೊಳಗಿನ ಹುಲ್ಲು

ಬಟ್ಟೆ ಹೊಲಿದು ಬದುಕುವ ಕೆಂಪಾಜಮ್ಮನ ಮನೆ ಮುಂದೆ, ರಸ್ತೆಬದಿಯಲ್ಲಿ ಮೊಳಕಾಲುದ್ದ ಹುಲ್ಲು ಬೆಳೆದಿತ್ತು. ಪುರಸಭೆಯ ಇನ್ಸ್‌ಪೆಕ್ಟರ್ ವಿರೂಪಾಕ್ಷಯ್ಯ ಜೀಪಿನಿಂದ ಇಳಿಯದೆಯೇ ಗದರಿದರು: "ಮನೆ ಮುಂದಿನ ಜಾಗ ನಿನ್ನ ಜವಾಬ್ದಾರಿ. ನಾಳಿದ್ದರೊಳಗೆ ಹುಲ್ಲು ಕೊಯ್ಯದಿದ್ರೆ ನಲ್ಲಿ ನೀರು ಬಂದ್!"

"ಆ ಜಾಗ ನಂದೇನಾ ಸ್ವಾಮಿ?"

"ಇನ್ಯಾರದು? ನನ್ನದಾ?"

ಕೆಂಪಾಜಮ್ಮ ಹುಲ್ಲು ಮುಟ್ಟಲಿಲ್ಲ. ಅದರ ಸುತ್ತ ಬಿದಿರಿನ ಬೇಲಿ ಕಟ್ಟಿ, ಗೇಟಿಟ್ಟು, ಬೀಗ ಜಡಿದಳು.

ಮೂರನೇ ದಿನ ಸಾಹೇಬರು ಜೀಪಿನಿಂದ ಜಿಗಿದೇ ಬಿಟ್ಟರು. "ಯಾರನ್ನ ಕೇಳಿ ಬೇಲಿ ಹಾಕಿದೆ? ಇದು ಪುರಸಭೆ ಜಾಗ!"

"ಸ್ವಲ್ಪ ಜೋರಾಗಿ ಹೇಳಿ ಸ್ವಾಮಿ, ಬೀದಿಯವರಿಗೂ ಕೇಳ್ಲಿ."

"ಇಲ್ಲಿರೋ ಒಂದೊಂದು ಕಡ್ಡಿಯೂ ಪುರಸಭೆಯದು!"

ಬೀದಿಯವರೆಲ್ಲ ಕೇಳಿಸಿಕೊಂಡರು. ಕೆಂಪಾಜಮ್ಮ ಒಳಗಿಂದ ಕುಡುಗೋಲು ತಂದು ಅವರ ಕೈಗಿಟ್ಟಳು.

"ಹಂಗಾದ್ರೆ ನಿಮ್ಮ ಹುಲ್ಲು ನೀವೇ ಕೊಯ್ಕೊಳ್ಳಿ."

ಮಧ್ಯಾಹ್ನದೊಳಗೆ ಪುರಸಭೆಯ ಆಳುಗಳು ಬಂದು ಇಡೀ ಬೀದಿಯ ಹುಲ್ಲು ಕೊಯ್ದರು.